ಟಿಂಡಾಲ್ ಮಹಾಶಯನೂ ಕಡಲಿನ ಬಣ್ಣವೂ

ಕಡಲು ಒಂದೆಡೆ ಕಡುನೀಲಿಯಾಗಿಯೂ ಮತ್ತೊಂದೆಡೆ ಹಸುರಾಗಿಯೂ ಕಾಣುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಅರಸಿ, ಕಡಲಿನ ನೀರನ್ನೇ ಶೀಷೆಗಳಲ್ಲಿ ತುಂಬಿ ತಂದು ಪರೀಕ್ಷಿಸಿದ ಮಹನೀಯರಲ್ಲಿ ಜಾನ್ ಟಿಂಡಾಲನು ಗಣ್ಯನು.

ಈತನು ೧೮೨೦ನೆಯ ಇಸವಿಯಲ್ಲಿ ಐರ್ಲೆಂಡಿನ ಕಾರ್ಲೋ ಪ್ರಾಂತದಲ್ಲಿ, ಪೊಲೀಸ್ ಪೇದೆಯೊಬ್ಬನ ಮಗನಾಗಿ ಜನಿಸಿದನು. ಸರ್ಕಾರದ ಮೋಜಣಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದಾಗ, ನೌಕರರ ಅಲ್ಪವೇತನವನ್ನು ಪ್ರತಿಭಟಿಸಿದುದರಿಂದ ೧೮೪೩ರಲ್ಲಿ ಕೆಲಸವನ್ನು ಕಳೆದುಕೊಂಡನು. ಆದರೂ ಎದೆಗುಂದದೆ, ರೈಲುಮಾರ್ಗದ ಮೋಜಣಿಯಲ್ಲಿ ದುಡಿದು, ಉಪಾಧ್ಯಾಯನಾಗಿದ್ದು, ಬಳಿಕ ಜರ್ಮನಿಗೆ ತೆರಳಿ ಮಾರ್‌ಬುರ್ಗ್ ವಿಶ್ವವಿದ್ಯಾಲಯದ ಪದವಿಯನ್ನು ಪಡೆದನು. ೧೮೫೩ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಾಧ್ಯಾಪಕನಾಗಿ ಫ್ಯಾರಡೆಯ ಸಹೋದ್ಯೋಗಿಯಾದನು.

೧೮೭೦ನೆಯ ಡಿಸೆಂಬರಿನಲ್ಲಿ ಸೂರ್ಯಗ್ರಹಣವನ್ನು ವೀಕ್ಷಿಸಲು ಆತನು ನೌಕೆಯೇರಿ ಆಲ್ಜೀರಿಯದ ಓರಾನ್ ನಗರಕ್ಕೆ ಹೋದನು. ಗ್ರಹಣಕಾಲದಲ್ಲಿ ಮೋಡ ಕವಿದು ಯಾತ್ರೆಯ ಉದ್ದೇಶವೇ ಕೆಟ್ಟಿತು. ಮತ್ತೊಬ್ಬನಾಗಿದ್ದರೆ ವಿಧಿಯನ್ನು ಹಳಿಯುತ್ತ ಬರಿಗೈಯಲ್ಲಿ ಮರಳುತ್ತಿದ್ದನು. ಟಿಂಡಾಲನಾದರೋ ಮರುಪ್ರಯಾಣದಲ್ಲಿ ಅಲ್ಲಲ್ಲಿ ಕಡಲಿನ ನೀರನ್ನು ಸಂಗ್ರಹಿಸಿ ೧೯ ಶೀಷೆಗಳನ್ನು ಲಂಡನ್ನಿಗೆ ತಂದನು.

ಕತ್ತಲೆಯ ಕೋಣೆಯಲ್ಲಿ ವಿದ್ಯುದ್ದೀಪದ ಪ್ರಖರ ಕಿರಣವನ್ನು ಆ ನೀರಿನೊಳಗೆ ಹಾಯಿಸಲು, ಬಿಸಿಲುಕೋಲಿನಲ್ಲಿ ಮನೆಯ ಧೂಳು ಹೊಳೆಯುವಂತೆ ನೀರಿನಲ್ಲಿ ತೇಲುವ ಸೂಕ್ಷ್ಮಕಣಗಳು ಬೆಳಗಿದವು. ಕಡುನೀಲಿಯ ನೀರಿನಲ್ಲಿ ಕಣಗಳು ಅತ್ಯಲ್ಪ. ಹಸುರು ನೀರಿನಲ್ಲಿ ಅಧಿಕ. ಹಳದಿ ಬೆರೆತ ಹಸುರಿನ ನೀರಿನಲ್ಲಂತೂ ಬಹುದಟ್ಟ. ಇದರ ಮರ್ಮವಿಷ್ಟೆ: ನೀರು ಬೆಳಕಿನಲ್ಲಿರುವ ಕೆಂಪನ್ನು ಮೊದಲು ಹೀರುತ್ತದೆ, ಆಳ ಹೆಚ್ಚಿದಂತೆ ಹಳದಿಯನ್ನೂ ಹಸುರನ್ನೂ ಹೀರುತ್ತದೆ. ಕಣಗಳು ಹೇರಳವಾಗಿದ್ದಲ್ಲಿ ಬೆಳಕು ಆಳಕ್ಕೆ ಇಳಿಯುವ ಮುನ್ನವೇ, ಹಸುರು ಉಳಿದಿರುವಾಗಲೇ, ಚದುರಿ ಹಿಂದಿರುಗುತ್ತದೆ; ವಿರಳವಾಗಿದ್ದಲ್ಲಿ ಆಳದಿಂದ ನೀಲಿಯೊಂದೇ ಮರಳುತ್ತದೆ. ಪ್ರಯಾಣಕಾಲದಲ್ಲಿ ಹಗ್ಗ ಕಟ್ಟಿ ಕಡುನೀಲಿಯ ನೀರಿಗೆ ಎಸೆಯಿಸಿದ ಬಿಳಿಯ ತಟ್ಟೆಯೂ ಹಸುರಾಗಿಯೇ ಕಂಡಿದ್ದಿತು.

ಕಣಗಳೇ ಇಲ್ಲದಿದ್ದರೆ ಆಳವಾದ ಕಡಲು ಮಸಿಯಂತೆ ಕಪ್ಪಾಗಿ ತೋರುತ್ತಿತ್ತೆಂದು ಆತನು ಎಣಿಸಿದನು. ಇಲ್ಲಿ ಆತನು ತಪ್ಪಿದನು. ೧೯೨೧ರಲ್ಲಿ ಮೆಡಿಟರೇನಿಯನ್ ಮಾರ್ಗವಾಗಿ ಭಾರತಕ್ಕೆ ಮರಳುತ್ತಿದ್ದ ನಮ್ಮ ಚಂದ್ರಶೇಖರ ವೆಂಕಟರಾಮನ್ನರು ಕಡಲಿನ ನೀಲಿಯನ್ನು ಪರೀಕ್ಷಿಸಿ, ನೀರಿನ ಅಣುಗಳೇ ಬೆಳಕನ್ನು ಚದುರಿಸುವುವೆಂದು ಪ್ರತಿಪಾದಿಸಿದರು. ಆದರೆ ಕಣಗಳು ಕಡಲನ್ನು ನೀಲಿಯಿಂದ ಹಸುರಿಗೆ ತಿರುಗಿಸುವುವೆಂಬ ಟಿಂಡಾಲನ ತೀರ್ಮಾನವು ಇಂದಿಗೂ ನಿಂತಿದೆ.

೧೮೯೩ರಲ್ಲಿ, ಪತ್ನಿಯು ಔಷಧವನ್ನು ಅರಿಯದೆ ಬದಲಿಸಿ ಕೊಟ್ಟುದರಿಂದ ಆತನು ಮೃತನಾದನು. ನೋಡಬಂದ ಗ್ರಹಣವು ಮರೆಯಾದಾಗಲೂ ಕಣ್ಣೆದುರಿನ ನೀರನ್ನು ಉಪೇಕ್ಷಿಸದ ಆತನ ಶ್ರದ್ಧೆಯು ನಮ್ಮ ತರುಣರಿಗೆ ಅನುಕರಣೀಯವಾಗಿದೆ.