ಗೃಹಿಣೀಧರ್ಮದ ನಂದಾದೀಪ: ಶ್ರೀಮಾತೆ ಶಾರದಾದೇವಿಯವರು

ದೇವಾಲಯದ ಗರ್ಭಗೃಹದಲ್ಲಿ ಬೆಳಗುವ ನಂದಾದೀಪಕ್ಕೆ ಎಣ್ಣೆ ಬರುವುದು ಊರಿನ ಮನೆಮನೆಗಳಿಂದ. ನೈವೇದ್ಯಕ್ಕೆ ಬೇಯುವ ಅಕ್ಕಿಯೂ ಯಾವಳೋ ಒಬ್ಬ ಗೃಹಿಣಿಯು ಕೇರಿ, ಹಸನುಮಾಡಿ, ದೇವರಿಗೆಂದು ಮೀಸಲಿರಿಸಿದ ಅಕ್ಕಿಯೇ. ದೇಗುಲದ ಜೀರ್ಣೋದ್ಧಾರವು ತಲೆಮಾರಿಗೊಮ್ಮೆ ಒದಗುವ ಪುಣ್ಯಕಾರ್ಯ. ಅದಕ್ಕೆ ಶಿಲ್ಪಿಗಳು ಬೇಕು, ದಾನಿಗಳು ಬೇಕು, ಊರಿನವರೆಲ್ಲರೂ ಕೈಗೂಡಿಸಬೇಕು. ಮನೆಯೆಂಬ ದೇಗುಲಕ್ಕಾದರೋ ದಿನದಿನವೂ ಜೀರ್ಣೋದ್ಧಾರ ನಡೆಯಬೇಕು. ಬೆಳಗಿನ ಜಾವದಲ್ಲಿ ಎದ್ದು, ಅಂಗಳ ಗುಡಿಸಿ, ಒಲೆ ಹೊತ್ತಿಸಿ, ಹಸಿದವರ ಹೊಟ್ಟೆಯನ್ನೂ ಮುನಿದವರ ಮನಸ್ಸನ್ನೂ ತಣಿಸುವ ಆ ಕಾರ್ಯವನ್ನು ಬಹುಮಟ್ಟಿಗೆ ಒಬ್ಬಳೇ ನಡೆಸಿಕೊಂಡು ಬರುವವಳು ಗೃಹಿಣಿ. ಅವಳ ಹೆಸರನ್ನು ಯಾವ ಶಿಲೆಯ ಮೇಲೂ ಕೆತ್ತುವುದಿಲ್ಲ.

ಈ ಧರ್ಮವನ್ನು ಬಡತನದಲ್ಲಿಯೂ, ಕಲಹದ ನಡುವೆಯೂ, ಲೋಕವೇ ಬಂದು ಕಾಲಿಗೆರಗಿದಾಗಲೂ ಒಂದೇ ಬಗೆಯಿಂದ ನಡೆಸಿ ತೋರಿದವರು ಶ್ರೀಮಾತೆ ಶಾರದಾದೇವಿಯವರು. ಶ್ರೀ ರಾಮಕೃಷ್ಣ ಪರಮಹಂಸರ ಸಹಧರ್ಮಿಣಿಯೆಂದು, ಸ್ವಾಮಿ ವಿವೇಕಾನಂದರು ತಾಯಿಯೆಂದು ಪೂಜಿಸಿದ ಮಹಾಮಾತೆಯೆಂದು ಅವರನ್ನು ನಾವೆಲ್ಲರೂ ಬಲ್ಲೆವು. ಆದರೆ ಅವರ ಬಾಳಿನ ಬಹುಪಾಲು ಅಡುಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ, ಧಾನ್ಯ ಹಸನುಮಾಡುವ ಮೊರದ ಮುಂದೆ ಕಳೆಯಿತೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ.

ಅವರು ಹುಟ್ಟಿದ್ದು ೧೮೫೩ನೆಯ ಇಸವಿ ಡಿಸೆಂಬರ್ ೨೨ರಂದು, ವಂಗದೇಶದ ಬಾಂಕುರಾ ಜಿಲ್ಲೆಯ ಜಯರಾಮಬಾಟಿ ಎಂಬ ಹಳ್ಳಿಯಲ್ಲಿ. ತಂದೆ ರಾಮಚಂದ್ರ ಮುಖೋಪಾಧ್ಯಾಯರು, ತಾಯಿ ಶ್ಯಾಮಸುಂದರಿ. ಪೌರೋಹಿತ್ಯ, ಸ್ವಲ್ಪ ಬೇಸಾಯ, ಹತ್ತಿಯಿಂದ ಜನಿವಾರದ ನೂಲು ತೆಗೆಯುವುದು, ಇವೇ ಆ ಮನೆಯ ಜೀವನೋಪಾಯಗಳು. ಹಿರಿಯ ಮಗಳಾದುದರಿಂದ ತಮ್ಮಂದಿರನ್ನು ನೋಡಿಕೊಳ್ಳುವ ಹೊಣೆ ಎಳವೆಯಲ್ಲಿಯೇ ಬಿತ್ತು. ಕೊರಳುದ್ದದ ನೀರಿಗಿಳಿದು ದನಗಳಿಗೆ ಹುಲ್ಲು ಕೊಯ್ದು ತರುವುದು, ಹೊಲದ ಆಳುಗಳಿಗೆ ಮಂಡಕ್ಕಿಯ ಬುತ್ತಿ ಒಯ್ಯುವುದು, ಮಿಡತೆ ತಿಂದು ಹಾಳುಮಾಡಿದ ಗದ್ದೆಯಲ್ಲಿ ಉದುರಿದ ಬತ್ತವನ್ನು ಆರಿಸುವುದು, ಇವು ಆ ಬಾಲೆಯ ಮೊದಲ ಪಾಠಗಳು.

೧೮೬೪ರಲ್ಲಿ ಆ ಸೀಮೆಗೆ ಘೋರ ಕ್ಷಾಮ ಬಂದಿತು. ರಾಮಚಂದ್ರರು ಶ್ರೀಮಂತರಲ್ಲ, ಹಿಂದಿನ ವರ್ಷದ ಬತ್ತ ಕಣಜದಲ್ಲಿ ಒಂದಿಷ್ಟು ಉಳಿದಿತ್ತು, ಅಷ್ಟೆ. ನಾಳೆಯ ಚಿಂತೆಯನ್ನು ಬದಿಗಿಟ್ಟು ಅವರು ಕಣಜ ತೆರೆದರು. ಅಕ್ಕಿಬೇಳೆಯ ಹುಗ್ಗಿಯನ್ನು ಹಂಡೆಗಟ್ಟಲೆ ಬೇಯಿಸಿ ಬಂದವರಿಗೆಲ್ಲ ಬಡಿಸತೊಡಗಿದರು. ಹಸಿವಿನಿಂದ ಕಂಗೆಟ್ಟ ಜನ ಸುಡುವ ಅನ್ನಕ್ಕೇ ಕೈಯಿಕ್ಕುತ್ತಿದ್ದರು. ಅದನ್ನು ಕಂಡ ಪುಟ್ಟ ಶಾರದೆ ಎರಡೂ ಕೈಗಳಿಂದ ಬೀಸಣಿಗೆ ಹಿಡಿದು, ಎಲೆಯ ಮೇಲಿನ ಹುಗ್ಗಿ ಆರುವಂತೆ ಬೀಸುತ್ತ ನಿಂತಳು. ಅನ್ನವಿಕ್ಕುವುದಷ್ಟೇ ಸಾಲದು, ಉಣ್ಣುವವನ ನಾಲಿಗೆ ಸುಡದಂತೆಯೂ ನೋಡಿಕೊಳ್ಳಬೇಕೆಂಬ ಅರಿವು ಆ ವಯಸ್ಸಿಗೇ ಅವಳಲ್ಲಿತ್ತು. ಮುಂದಿನ ಅವರ ಬಾಳೆಲ್ಲವೂ ಈ ಒಂದು ಅರಿವಿನ ವಿಸ್ತಾರವೆಂದರೆ ತಪ್ಪಾಗಲಾರದು.

ಆ ಕಾಲದ ಪದ್ಧತಿಯಂತೆ ೧೮೫೯ರಲ್ಲಿಯೇ, ಐದು ತುಂಬಿದ್ದ ಅವರನ್ನು ಕಾಮಾರಪುಕುರದ ಗದಾಧರರಿಗೆ, ಎಂದರೆ ಶ್ರೀ ರಾಮಕೃಷ್ಣರಿಗೆ, ಮದುವೆಮಾಡಿ ಕೊಟ್ಟಿದ್ದರು. ೧೮೬೭ರಲ್ಲಿ ಪರಮಹಂಸರು ಊರಿಗೆ ಬಂದು ಕೆಲವು ತಿಂಗಳು ನಿಂತಾಗ ಪತ್ನಿಗೆ ಶಿಕ್ಷಣಕೊಡಲು ಆರಂಭಿಸಿದರು. ಬ್ರಹ್ಮಜ್ಞಾನದ ಮಾತೂ ಅದರಲ್ಲಿತ್ತು, ದೀಪದ ಬತ್ತಿಯನ್ನು ಸರಿಪಡಿಸುವ ಬಗೆಯೂ ಇತ್ತು. ಮನೆಯ ಒಬ್ಬೊಬ್ಬರ ಸ್ವಭಾವವರಿತು ನಡೆಯುವುದು ಹೇಗೆ, ದೋಣಿಯಿಂದಲೋ ಗಾಡಿಯಿಂದಲೋ ಇಳಿಯುವಾಗ ಎಲ್ಲರಿಗಿಂತ ಕೊನೆಯಲ್ಲಿ ಇಳಿದು ಏನಾದರೂ ಮರೆತುಹೋಯಿತೇ ಎಂದು ನೋಡಬೇಕಾದುದೇಕೆ, ಇವೆಲ್ಲವನ್ನೂ ಅವರು ಹೇಳಿಕೊಟ್ಟರು. ಸಮಾಧಿಯಲ್ಲಿ ಮೈಮರೆಯುತ್ತಿದ್ದ ಆ ಮಹಾಪುರುಷರಿಗೆ ಬತ್ತಿ ಹೊಸೆಯುವ ಕೆಲಸ ಅಲ್ಪವೆಂದು ತೋರಲಿಲ್ಲವೆಂಬುದನ್ನು ನಾವು ಮನಗಾಣಬೇಕು.

೧೮೭೨ರಲ್ಲಿ ಶಾರದಾದೇವಿಯವರು ತಂದೆಯೊಡನೆ ಕಾಲ್ನಡೆಯಲ್ಲಿ ಹೊರಟು, ದಾರಿಯಲ್ಲಿ ಜ್ವರದಿಂದ ಬಳಲಿ, ದಕ್ಷಿಣೇಶ್ವರವನ್ನು ಸೇರಿದರು. ಅದೇ ವರ್ಷ ಫಲಹಾರಿಣೀ ಕಾಳೀಪೂಜೆಯ ರಾತ್ರಿ ಪರಮಹಂಸರು ಅವರನ್ನು ಪೀಠದ ಮೇಲೆ ಕುಳ್ಳಿರಿಸಿ, ಜಗನ್ಮಾತೆಯೆಂದು ಷೋಡಶೋಪಚಾರಗಳಿಂದ ಪೂಜಿಸಿದರು. ಇಂತಹ ಪೂಜೆಗೆ ಪಾತ್ರರಾದವರು ಮರುದಿನ ಏನು ಮಾಡಿದರು? ಎಂದಿನಂತೆ ನಸುಕಿಗೆ ಮುನ್ನ ಗಂಗೆಯಲ್ಲಿ ಮಿಂದು ಅಡುಗೆಗೆ ತೊಡಗುವ ದಿನಚರಿಗೇ ಮರಳಿದರು. ಅವರ ಮಹಿಮೆಯೆಲ್ಲ ಅಡಗಿರುವುದು ಇಲ್ಲಿಯೇ.

ದಕ್ಷಿಣೇಶ್ವರದಲ್ಲಿ ಅವರಿಗೆ ಬಹುಕಾಲ ವಾಸಸ್ಥಾನವಾಗಿದ್ದುದು ನಹಬತ್ ಖಾನೆಯ, ಎಂದರೆ ಮಂಗಳವಾದ್ಯದ ಗೋಪುರದ, ಕೆಳಗಿನ ಎಂಟು ಮೂಲೆಯ ಕೋಣೆ. ಅದರ ವಿಸ್ತಾರ ೫೦ ಚದರ ಅಡಿಗೂ ಕಡಿಮೆ. ಬಾಗಿಲು ಎಷ್ಟು ತಗ್ಗೆಂದರೆ ಮೊದಮೊದಲು ಒಳಹೊಕ್ಕಾಗಲೆಲ್ಲ ಹಣೆ ಬಡಿಯುತ್ತಿತ್ತು. ಅಲ್ಲಿಯೇ ಮಲಗಬೇಕು, ಅಲ್ಲಿಯೇ ದಿನಸಿ ಇರಿಸಬೇಕು, ಬಂದ ಸ್ತ್ರೀಭಕ್ತರಿಗೂ ಅಲ್ಲಿಯೇ ಎಡೆಮಾಡಿಕೊಡಬೇಕು. ನೆಲದಲ್ಲಿ ಜಾಗವಿಲ್ಲವೆಂದು ಮಡಕೆಕುಡಿಕೆಗಳನ್ನು ನೆಲುವಿನಲ್ಲಿ ತೂಗುಹಾಕಿದರು. ಅಡುಗೆಯನ್ನು ಮೆಟ್ಟಿಲಿನ ಕೆಳಗೆ ನಡೆಸಿದರು. ವೃದ್ಧೆಯಾದ ಅತ್ತೆ ಚಂದ್ರಾದೇವಿಯವರು ಮೇಲಿನಿಂದ ಕೂಗಿದ ಕೂಡಲೇ ಇದ್ದ ಕೆಲಸ ಬಿಟ್ಟು ಓಡುತ್ತಿದ್ದರು. ಪರಮಹಂಸರಿಗೆ ಹೊಟ್ಟೆ ಸೂಕ್ಷ್ಮ; ಅವರಿಗೆ ಪಥ್ಯದ ಅಡುಗೆ ಬೇರೆ. ನರೇಂದ್ರನಂತಹ ಯುವಕರಿಗೆ ದಪ್ಪ ರೊಟ್ಟಿ, ಗಟ್ಟಿಯಾದ ಕಡಲೆಬೇಳೆ ಬೇಕು. ಆ ಅಡುಗೆ ಬೇರೆ. ಭಕ್ತರು ಹೆಚ್ಚಾದ ದಿನಗಳಲ್ಲಿ ಮೂರು ಮೂರೂವರೆ ಸೇರು ಗೋಧಿಹಿಟ್ಟಿನ ರೊಟ್ಟಿ ಒಂದೇ ಕೈಯಿಂದ ಆಗುತ್ತಿತ್ತು.

ಒಮ್ಮೆ ಪರಮಹಂಸರು ನೆಲುವು ಹೆಣೆಯಲೆಂದು ಸೆಣಬಿನ ನಾರು ತಂದುಕೊಟ್ಟರು. ನೆಲುವು ಹೆಣೆದ ಮೇಲೆ ಉಳಿದ ಸಿಕ್ಕು ನಾರನ್ನು ಅವರು ಬಿಸುಡಲಿಲ್ಲ. ಅದನ್ನೇ ತುಂಬಿ ದಿಂಬು ಮಾಡಿಕೊಂಡು ಒರಟು ಚಾಪೆಯ ಮೇಲೆ ಮಲಗಿದರು. ತಮ್ಮ ಪಾಲಿಗೆ ಇಷ್ಟು ಮಿತವಾಗಿದ್ದ ಕೈಯೇ ಕೊಡುವಾಗ ಮಿತವನ್ನರಿಯದು. ಭಕ್ತರು ತಂದ ಹಣ್ಣು ಸಿಹಿಗಳನ್ನೆಲ್ಲ ಸುತ್ತಲಿನ ಮಕ್ಕಳಿಗೂ ಸ್ತ್ರೀಯರಿಗೂ ಹಂಚಿಬಿಡುವುದನ್ನು ಕಂಡು ಪರಮಹಂಸರೇ ಒಮ್ಮೆ ಆಕ್ಷೇಪಿಸಿದರು. ದೇವಿಯವರು ಮರುಮಾತಾಡದೆ ತಮ್ಮ ಕೋಣೆಗೆ ನಡೆದರು. ಆಗ ಕಳವಳಗೊಂಡವರು ಪರಮಹಂಸರೇ. ಅಣ್ಣನ ಮಗ ರಾಮಲಾಲನನ್ನು ಕಳುಹಿಸಿ ಸಮಾಧಾನಪಡಿಸಿದರು. ಸಾಧಕರಾದ ಹುಡುಗರಿಗೆ ರಾತ್ರಿ ಇಷ್ಟೇ ರೊಟ್ಟಿಯೆಂದು ಅವರು ಕಟ್ಟುಮಾಡಿದ್ದಾಗಲೂ ದೇವಿಯವರು ಹಸಿವರಿತು ಹೆಚ್ಚಿಗೆ ಬಡಿಸಿದರು. ಕೇಳಿದಾಗ, ಆ ಮಕ್ಕಳ ಮುಂದಿನ ಹೊಣೆ ತಮ್ಮದೆಂದು ನಿರ್ಭಯವಾಗಿ ತಿಳಿಸಿದರು. ವಿಧೇಯತೆಯೆಂದರೆ ಸ್ವಂತ ವಿವೇಕವನ್ನು ತೊರೆಯುವುದೆಂದು ಅವರು ತಿಳಿದಿರಲಿಲ್ಲ. ಹಾಗೆಯೇ ಮಾರವಾಡಿ ಭಕ್ತರೊಬ್ಬರು ೧೦,೦೦೦ ರೂಪಾಯಿ ಕೊಡಬಂದಾಗ, ಪರಮಹಂಸರು ಒಲ್ಲದ ಆ ಹಣವನ್ನು ತಾವೂ ಒಲ್ಲೆನೆಂದರು. ತಾವು ಪಡೆದರೆ ಅದು ಅವರ ಸೇವೆಗೇ ವೆಚ್ಚವಾಗುವುದರಿಂದ ಅವರೇ ಪಡೆದಂತಾಗುವುದೆಂಬುದು ಅವರ ವಿವೇಚನೆ.

೧೮೮೬ರ ಆಗಸ್ಟ್ ೧೬ರಂದು ಪರಮಹಂಸರು ಮಹಾಸಮಾಧಿ ಹೊಂದಿದರು. ತೀರ್ಥಯಾತ್ರೆ ಮುಗಿಸಿ ಕಾಮಾರಪುಕುರಕ್ಕೆ ಬಂದ ದೇವಿಯವರಿಗೆ ಕಠಿನ ದಿನಗಳು ಕಾದಿದ್ದವು. ದಕ್ಷಿಣೇಶ್ವರದ ದೇವಾಲಯದಿಂದ ಬರುತ್ತಿದ್ದ ತಿಂಗಳ ೭ ರೂಪಾಯಿ ನಿಂತುಹೋಯಿತು. ಯಾರ ಮುಂದೆಯೂ ಕೈಯೊಡ್ಡಬಾರದೆಂದು ಪತಿ ಹೇಳಿದ್ದರು. ಅವರು ತಾವೇ ಗುದ್ದಲಿ ಹಿಡಿದು ನೆಲವಗೆದು ಸೊಪ್ಪು ಬೆಳೆದರು. ಹರಿದ ಸೀರೆಗೆ ಗಂಟು ಹಾಕಿ ಉಟ್ಟರು. ಎಷ್ಟೋ ದಿನ ಬೆಂದ ಅನ್ನಕ್ಕೆ ಉಪ್ಪೂ ಇರಲಿಲ್ಲ. ಕಲ್ಕತ್ತೆಯ ಶಿಷ್ಯರಿಗೆ ಒಂದು ಮಾತನ್ನೂ ತಿಳಿಸಲಿಲ್ಲ. ಬೇರೆಯವರಿಂದ ಸುದ್ದಿ ಮುಟ್ಟಿದ ಮೇಲೆಯೇ ಶಿಷ್ಯರು ಮರುಗಿ ಅವರನ್ನು ಕರೆದೊಯ್ದರು.

ಅನಂತರದ ಮೂವತ್ತು ವರ್ಷಗಳಲ್ಲಿ ಅವರ ಸಂಸಾರ ಬೆಳೆಯಿತು. ಜಯರಾಮಬಾಟಿಯಲ್ಲಿ ಹಣಕ್ಕಾಗಿ ಪೀಡಿಸುವ ತಮ್ಮಂದಿರು; ೧೮೯೯ರಲ್ಲಿ ತೀರಿಕೊಂಡ ಕಿರಿಯ ತಮ್ಮನ ಹೆಂಡತಿ ಸುರಬಾಲೆ, ಚಿತ್ತಭ್ರಮೆಗೊಳಗಾದವಳು; ಅವಳ ಮಗು ರಾಧು; ಮಡಿಮೈಲಿಗೆಯ ಗೀಳು ಹಿಡಿದ ಇನ್ನೊಬ್ಬ ತಮ್ಮನ ಮಗಳು ನಲಿನಿ. ಸುರಬಾಲೆ ಬಾಯಿಗೆ ಬಂದಂತೆ ಬೈದರೂ ಅವಳ ಮಗುವನ್ನು ಎದೆಗಪ್ಪಿ ಸಾಕಿದರು. ತಮ್ಮಂದಿರು ಬೈದಾಡುವಾಗ ಬಿಡಿಸಲು ಹೋಗಿ, ಬಳಲಿ ಮನೆಗೆ ಬಂದು ಕುಳಿತು, ಮಹಾಮಾಯೆಯ ಆಟವನ್ನು ನೆನೆದು ನಕ್ಕುಬಿಡುತ್ತಿದ್ದರು. ಇಂತಹ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ದೂರದ ಭಕ್ತರು ಬರುವರು. ಚಹದ ಅಭ್ಯಾಸವಿದ್ದವರಿಗಾಗಿ ಆ ಹಿರಿಯ ಜೀವ ಮನೆಮನೆಗೆ ಹೋಗಿ ಹಾಲು ತರುತ್ತಿತ್ತು.

ವಸ್ತುಗಳಲ್ಲಿಯೂ ಅವರಿಗೆ ಅದೇ ಆದರ. ಒಬ್ಬಾಕೆ ಗುಡಿಸಿದ ಮೇಲೆ ಪೊರಕೆಯನ್ನು ಎಸೆದುದನ್ನು ಕಂಡು, ಎಸೆಯಲು ಹಿಡಿಯುವ ಹೊತ್ತಿನಲ್ಲಿಯೇ ಮೆಲ್ಲನೆ ಇಡಬಹುದಲ್ಲವೇ, ಅದೂ ಈ ಸಂಸಾರದ ಒಂದು ಅಂಗವಲ್ಲವೇ ಎಂದು ತಿಳಿಹೇಳಿದರು. ಹಣ್ಣು ಬಂದ ಬುಟ್ಟಿಯನ್ನು ಯಾರೋ ಹೊರಗೆಸೆದಾಗ ತಾವೇ ಹೋಗಿ ತಂದು ತೊಳೆದಿರಿಸಿದರು. ಪೊರಕೆಗೆ ಸಲ್ಲಬೇಕಾದುದನ್ನು ಸಲ್ಲಿಸಿದವರು ಮನುಷ್ಯನಿಗೆ ಸಲ್ಲಿಸದೆ ಇರುವರೇ? ಅಂಜದ್ ಎಂಬ ಮುಸಲ್ಮಾನ ಕೂಲಿಗಾರನು ಕಳ್ಳನೆಂದು ಹೆಸರಾದವನು. ಅವನಿಗೆ ನಲಿನಿ ದೂರದಿಂದ ಎಸೆದಂತೆ ಬಡಿಸುವುದನ್ನು ಸಹಿಸದೆ ಅವರೇ ಬಡಿಸಿದರು. ಅವನುಂಡ ಎಡೆಯನ್ನು ತಾವೇ ತೆಗೆದು ಸಾರಿಸಿದರು. ಜಾತಿ ಹೋಯಿತೆಂದು ನಲಿನಿ ಕೂಗಿಕೊಂಡಾಗ, ತಮಗೆ ಸಂನ್ಯಾಸಿಯಾದ ಶರತ್ ಹೇಗೆ ಮಗನೋ ಅಂಜದನೂ ಹಾಗೆಯೇ ಮಗನೆಂದರು.

ಅಡುಗೆಮನೆಯೇ ಸ್ತ್ರೀಗೆ ಎಲ್ಲೆಯೆಂದು ಅವರು ಎಣಿಸಿದವರಲ್ಲ. ಎಳವೆಯಲ್ಲಿ ಓದುವ ಪುಸ್ತಕವನ್ನು ಪತಿಯ ಬಂಧುವೊಬ್ಬನು ಕಿತ್ತುಕೊಂಡಿದ್ದನು. ದಕ್ಷಿಣೇಶ್ವರದಲ್ಲಿ, ಸ್ನಾನಕ್ಕೆ ಬರುತ್ತಿದ್ದ ಹುಡುಗಿಯೊಬ್ಬಳಿಗೆ ಸೊಪ್ಪು ತರಕಾರಿ ಕೊಟ್ಟು ಓದು ಕಲಿತರು. ೧೮೯೮ರ ನವೆಂಬರಿನಲ್ಲಿ ಸೋದರಿ ನಿವೇದಿತೆಯ ಬಾಲಿಕಾ ಪಾಠಶಾಲೆಯನ್ನು ಹರಸಿ ಆರಂಭಿಸಿದವರೂ ಅವರೇ.

೧೯೧೧ರಲ್ಲಿ ಸ್ವಾಮಿ ರಾಮಕೃಷ್ಣಾನಂದರ ಬಿನ್ನಹದಂತೆ ಅವರು ದಕ್ಷಿಣದೇಶಕ್ಕೆ ಬಂದರು. ರಾಮೇಶ್ವರದಲ್ಲಿ ೧೦೮ ಹೊನ್ನಿನ ಬಿಲ್ವದಳಗಳಿಂದ ಶಿವನನ್ನು ಪೂಜಿಸಿದರು. ರಾಮನಾಡಿನ ರಾಜರ ಆಜ್ಞೆಯಂತೆ ರತ್ನಭಂಡಾರವನ್ನು ತೆರೆದು, ಬೇಕಾದುದನ್ನು ಕೊಳ್ಳಬಹುದೆಂದು ಬಿನ್ನವಿಸಿದಾಗ ತಮಗೇನೂ ಬೇಡವೆಂದು, ಬೇಕಾದರೆ ರಾಧು ತೆಗೆದುಕೊಳ್ಳಲೆಂದು ಹೇಳಿ, ಮಗುವಿಗೆ ಆಸೆ ಹುಟ್ಟದಿರಲೆಂದು ಮನದಲ್ಲಿಯೇ ಪ್ರಾರ್ಥಿಸಿದರು. ರಾಧು ಕೇಳಿದ್ದು ಎರಡು ಕಾಸಿನ ಒಂದು ಪೆನ್ಸಿಲ್! ಮನೆಯ ಹಿರಿಯರ ತೃಪ್ತಿ ಮಕ್ಕಳಿಗೆ ಹೇಗೆ ಇಳಿದುಬರುವುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಅಲ್ಲಿಂದ ಬೆಂಗಳೂರಿಗೆ ಬಂದು ಬಸವನಗುಡಿಯ ಆಶ್ರಮದಲ್ಲಿ ತಂಗಿದರು. ಗವಿಗಂಗಾಧರೇಶ್ವರನ ದರ್ಶನ ಮುಗಿಸಿ ಮರಳುವ ವೇಳೆಗೆ ಅಂಗಳದ ತುಂಬ ಜನ. ಎಲ್ಲರೂ ಒಮ್ಮೆಗೇ ಸಾಷ್ಟಾಂಗವೆರಗಿದರು. ಅವರ ಭಾಷೆ ತಮಗೆ ಬಾರದೆಂದು, ಎರಡು ಮಾತಾಡಿ ಸಂತೈಸಲಾಗಲಿಲ್ಲವೆಂದು ದೇವಿಯವರು ಕೊರಗಿದರು. ಅದನ್ನು ತಿಳಿಸಿದಾಗ, ದರ್ಶನದಿಂದಲೇ ಹೃದಯ ತುಂಬಿತು, ಮಾತಿನ ಅಗತ್ಯವಿಲ್ಲವೆಂದು ಜನರು ಅರಿಕೆಮಾಡಿಕೊಂಡರು. ಮನೆಯಲ್ಲೊಂದು ನುಡಿ, ಸಂತೆಯಲ್ಲೊಂದು ನುಡಿಯಾಡುತ್ತ ಬಾಳುವ ಗಡಿನಾಡಿನ ನಮಗೆ ಈ ಪ್ರಸಂಗದ ಸವಿ ಚೆನ್ನಾಗಿ ತಿಳಿದೀತು. ಅನ್ಯಭಾಷೆಯ ನೆರೆಯವಳ ಮನೆಯಿಂದ ಹಬ್ಬದ ದಿನ ಮುಚ್ಚಿ ತಂದ ಬಟ್ಟಲು ಏನು ಹೇಳುವುದೆಂಬುದಕ್ಕೆ ನಿಘಂಟು ಬೇಕೇ?

೧೯೨೦ರ ಜುಲೈ ೨೦ರಂದು ಕಲ್ಕತ್ತೆಯಲ್ಲಿ ಅವರು ದೇಹತ್ಯಾಗ ಮಾಡಿದರು. ಶಾಂತಿ ಬೇಕಾದರೆ ಪರರ ದೋಷಗಳನ್ನೆಣಿಸಬಾರದು, ಜಗತ್ತಿನಲ್ಲಿ ಯಾರೂ ಪರಕೀಯರಲ್ಲವೆಂದು ತಿಳಿಯಬೇಕು ಎಂಬುದು ಕೊನೆಯ ದಿನಗಳಲ್ಲಿ ಅವರಿತ್ತ ಉಪದೇಶದ ಸಾರ. ೧೯೨೩ರಲ್ಲಿ ಅವರ ಜನ್ಮಸ್ಥಳದಲ್ಲಿ ದೇವಾಲಯವು ಪ್ರತಿಷ್ಠಿತವಾಯಿತು. ಹುಲ್ಲು ಹೊತ್ತು, ಒಲೆಯೂದಿ ಬೆಳೆದ ಹೆಣ್ಣುಮಗಳ ಅಂಗಳದಲ್ಲಿಯೇ ಇಂದು ಘಂಟಾನಾದ ಮೊಳಗುತ್ತಿದೆ.

ತನಗೆ ಮಿತ, ಬಂದವರಿಗೆ ಅಮಿತ. ವಸ್ತುವಿಗೆ ಅದರ ಎಡೆ, ಮನುಷ್ಯನಿಗೆ ಅವನ ಮಾನ. ಕಲಹದ ನಡುವೆ ತಾಳ್ಮೆ, ಅನ್ಯಾಯದ ಮುಂದೆ ಅಳುಕದ ಮಾತು: ಶ್ರೀಮಾತೆಯವರ ಬಾಳಿನಿಂದ ನಾವು ಕಲಿಯಬಹುದಾದ ಗೃಹಕೃತ್ಯ ಇಷ್ಟು. ಇದು ಸ್ತ್ರೀಯರೊಬ್ಬರಿಗೇ ಮೀಸಲಾದ ಪಾಠವೂ ಅಲ್ಲ. ಮನೆಯಲ್ಲಿ ಉಣ್ಣುವವರೆಲ್ಲರಿಗೂ ಸಂಬಂಧಿಸಿದುದು. ನವೀಕೃತವಾದ ಈ ದೇಗುಲದ ದೀಪವನ್ನು ಕಣ್ತುಂಬ ಕಂಡು ಮನೆಗೆ ಮರಳುವ ಪ್ರತಿಯೊಬ್ಬರೂ ತಮ್ಮ ಮನೆಯ ದೀಪ ಹಚ್ಚುವ ಕೈಯನ್ನೂ ಒಮ್ಮೆ ಆದರದಿಂದ ನೆನೆಯಲಿ. ಶ್ರೀಮಾತೆಯವರ ಕೃಪೆ ಎಲ್ಲ ಮನೆಗಳ ಮೇಲೂ ಇರಲಿ.