ಶಿವಾಜಿಯ ತಂದೆ ಆರಿಸಿಕೊಂಡ ಊರು

1636ರಲ್ಲಿ ಅಹಮದ್‌ನಗರದ ನಿಜಾಮಶಾಹಿ ಅಳಿದ ಬಳಿಕ ಶಹಾಜಿ ಭೋಸಲೆ ಬಿಜಾಪುರದ ಸೇವೆಗೆ ಸೇರಿ, ರಣದುಲ್ಲಾ ಖಾನನ ಸೇನೆಯೊಂದಿಗೆ ತನ್ನದಲ್ಲದ ಕನ್ನಡ ನಾಡಿಗೆ ಬಂದ. 1638ರಲ್ಲಿ ಬೆಂಗಳೂರು ಕೈವಶವಾಯಿತು. ಕೆಂಪೇಗೌಡರ ವಂಶಸ್ಥರು ಮಾಗಡಿಗೆ ಸರಿದರು. ಹೊಸಕೋಟೆ, ದೊಡ್ಡಬಳ್ಳಾಪುರ, ಕೋಲಾರ, ಶಿರಾ ಕೂಡ ಜಹಗೀರಾಗಿ ದೊರೆತರೂ ವಾಸಕ್ಕೆ ಆತ ಆರಿಸಿದ್ದು ಬೆಂಗಳೂರನ್ನು. ಭದ್ರವಾದ ಕೋಟೆಯಿತ್ತು, ಹವೆಯೂ ಹಿತವಾಗಿತ್ತು. ಬಿಜಾಪುರದ ದರ್ಬಾರು ದೂರವಿದ್ದದ್ದೂ ಅನುಕೂಲವೇ ಆಗಿರಬೇಕು. ಮುಂದೆ ಕೋಲಾರ, ದೊಡ್ಡಬಳ್ಳಾಪುರಗಳಲ್ಲಿಯೂ ಆತ ವಾಸಿಸಿದನೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ.

ಆದರೆ ಸಂಸಾರ ಒಂದೇ ಊರಿನಲ್ಲಿ ನಿಲ್ಲಲಿಲ್ಲ. ಪತ್ನಿ ಜೀಜಾಬಾಯಿ, ಬಾಲಕ ಶಿವಾಜಿ ಕೆಲಕಾಲ ಬೆಂಗಳೂರಿನಲ್ಲಿದ್ದು ಪುಣೆಗೆ ಮರಳಿದರು. ಹಿರಿಯ ಮಗ ಸಂಭಾಜಿ, ಕಿರಿಯ ಏಕೋಜಿ ತಂದೆಯ ಬಳಿಯೇ ಉಳಿದರು. 1664ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಶಹಾಜಿ ಅಸುನೀಗಿದ. ಸಮಾಧಿ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿದೆ.