ಟಿಪ್ಪು ಸುಲ್ತಾನರ ಲಾಭ-ನಷ್ಟದ ಲೆಕ್ಕ

ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮನೆಗಳಲ್ಲಿ ಟಿಪ್ಪು ಸುಲ್ತಾನರ ಹೆಸರೆತ್ತಿದರೆ ಮಕ್ಕಳಿಗೆ ನೆನಪಾಗುವುದು ಹುಲಿ ಮತ್ತು ಖಡ್ಗ. ಆದರೆ ಅರಸನೆಂದ ಮೇಲೆ ಖಡ್ಗದ ಜೊತೆಗೆ ಖಜಾನೆಯ ಹೊಣೆಯೂ ಇರುತ್ತದೆ. ಒಂದು ತೆರಿಗೆಯನ್ನು ಬಿಟ್ಟರೆ ಬೊಕ್ಕಸಕ್ಕೆ ಎಷ್ಟು ನಷ್ಟ? ಇನ್ನೊಂದನ್ನು ಏರಿಸಿದರೆ ನಿಜವಾಗಿ ಎಷ್ಟು ಲಾಭ? ಇಂದಿನ ಸರಕಾರಗಳು ಪ್ರತಿ ವರ್ಷ ಬಜೆಟ್ಟಿಗೆ ಮೊದಲು ಹಾಕುವ ಈ ಲೆಕ್ಕವನ್ನು ಸುಲ್ತಾನರೂ ಹಾಕಬೇಕಾಯಿತು. ಕೆಲವೆಡೆ ಅವರ ಲೆಕ್ಕ ಸರಿಯಾಯಿತು, ಒಂದೆಡೆ ತಪ್ಪಿತು. ಎರಡರಲ್ಲೂ ನಮಗೆ ಪಾಠವಿದೆ.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು, ತಂದೆ ಹೈದರಲಿಯವರು 1782ರ ಡಿಸೆಂಬರಿನಲ್ಲಿ ತೀರಿಕೊಂಡಾಗ ರಾಜ್ಯದ ಹೊಣೆ ಹೊತ್ತರು. ಆಗ ಆಂಗ್ಲರೊಡನೆ ಯುದ್ಧ ನಡೆಯುತ್ತಿತ್ತು. 1784ರ ಮಾರ್ಚಿನಲ್ಲಿ ಮಂಗಳೂರಿನ ಒಪ್ಪಂದವಾದ ಮೇಲೆ ನಾಡಿನ ವ್ಯವಸ್ಥೆಯ ಕಡೆಗೆ ಗಮನ ಕೊಡಲು ಅವರಿಗೆ ಸ್ವಲ್ಪ ಬಿಡುವು ಸಿಕ್ಕಿತು.

ಅವರು ಅಮಲ್ದಾರರಿಗೆ ಕಳಿಸಿದ ಕಂದಾಯದ ನಿಯಮಗಳು ಓದತಕ್ಕವು. ಹತ್ತು ವರ್ಷ ಬೀಳುಬಿದ್ದ ಹೊಲವನ್ನು ರೈತ ಸಾಗುವಳಿಗೆ ತಂದರೆ ಮೊದಲ ವರ್ಷ ಕಂದಾಯವಿಲ್ಲ. ಎರಡನೆಯ ವರ್ಷ ಅರ್ಧ, ಅನಂತರ ಪೂರ್ತಿ. ಕಲ್ಲುಮಣ್ಣಿನ ಬರಡು ಭೂಮಿಯಾದರೆ ರಿಯಾಯಿತಿ ಇನ್ನೂ ಒಂದು ವರ್ಷ ಹೆಚ್ಚು. ನೇಗಿಲಿಗೆ ಗತಿಯಿಲ್ಲದ ಬಡರೈತನಿಗೆ ತಕಾವಿ ಸಾಲ ಕೊಡಬೇಕು. ತಪ್ಪು ಮಾಡಿದ ರೈತನಿಂದ ದಂಡದ ಹಣ ವಸೂಲು ಮಾಡುವ ಬದಲು ಊರ ಮುಂದೆ ಎರಡು ಮಾವು, ಎರಡು ಬಾದಾಮಿ ಗಿಡ ನೆಡಿಸಬೇಕು. ಅವು ಮೂರಡಿ ಬೆಳೆಯುವವರೆಗೆ ನೀರೆರೆಯುವುದು ಅವನದೇ ಕೆಲಸ.

ಆ ವರ್ಷದ ಲೆಕ್ಕ ನೋಡಿದರೆ ಇದೆಲ್ಲ ಖಜಾನೆಗೆ ನಷ್ಟವೇ. ಆದರೆ ಬೀಳು ಹೊಲದಿಂದ ಮೊದಲು ಬರುತ್ತಿದ್ದುದಾದರೂ ಏನು? ಏನೂ ಇಲ್ಲ. ಬಾರದ ಕಂದಾಯವನ್ನು ಬಿಟ್ಟುಕೊಡುವುದರಿಂದ ಕಳೆದುಕೊಳ್ಳುವುದೇನೂ ಇರಲಿಲ್ಲ. ರೈತ ನೆಲೆಯೂರಿದರೆ ಎರಡನೆಯ ವರ್ಷದಿಂದ ಹೊಸ ಆದಾಯ ಬರತೊಡಗುತ್ತದೆ. ಈ ಲೆಕ್ಕ ಸರಿಯಾಗಿತ್ತು.

ಎರಡನೆಯ ಲೆಕ್ಕ ನಮ್ಮ ಸೀಮೆಯದು, ಮತ್ತು ಕಹಿಯಾದುದು. ನರಗುಂದದ ದೇಸಾಯಿ ಹೈದರಲಿಯವರ ಕಾಲದಿಂದ ಮೈಸೂರಿಗೆ ಕಪ್ಪ ಕೊಡುತ್ತಿದ್ದರು. ಟಿಪ್ಪು ಹೆಚ್ಚು ಕೇಳಿದರು. ಮಾತು ಮುರಿದು 1785ರಲ್ಲಿ ಯುದ್ಧವಾಯಿತು, ಮರಾಠರೂ ನಿಜಾಮರೂ ಎದುರು ನಿಂತರು. ಹಾವೇರಿಗೆ ಸಮೀಪದ ಸವಣೂರಿನ ನವಾಬ ಅಬ್ದುಲ್ ಹಕೀಮ್ ಖಾನರು ಹೈದರಲಿಯವರ ಬೀಗರಾಗಿದ್ದವರು. ಅವರೂ ಮರಾಠರ ಪಕ್ಷ ಸೇರಿದರು. 1786ರಲ್ಲಿ ಟಿಪ್ಪು ಸವಣೂರನ್ನು ಗೆದ್ದುಕೊಂಡರು. ಆದರೆ 1787ರ ಗಜೇಂದ್ರಗಡದ ಒಪ್ಪಂದದಲ್ಲಿ ನರಗುಂದ, ಕಿತ್ತೂರು, ಬಾದಾಮಿಗಳನ್ನು ಬಿಟ್ಟುಕೊಟ್ಟು, ಮರಾಠರಿಗೆ ಬಾಕಿ ಕಪ್ಪವನ್ನೂ ಕೊಡಲು ಒಪ್ಪಬೇಕಾಯಿತು. ಹೆಚ್ಚು ಕೇಳಿದಷ್ಟೂ ಹೆಚ್ಚು ಬರುತ್ತದೆಂಬ ಲೆಕ್ಕ ತಲೆಕೆಳಗಾಯಿತು. ಕೊಡುವವನ ಮನಸ್ಸನ್ನೂ ಶಕ್ತಿಯನ್ನೂ ಲೆಕ್ಕಕ್ಕೆ ಹಿಡಿಯದೆ ಏರಿಸಿದ ತೆರಿಗೆ ಕಾಗದದ ಮೇಲೆ ಮಾತ್ರ ಆದಾಯ.

ಅದೇ 1787ರಲ್ಲಿ ಸುಲ್ತಾನರು ದಿವಾನ ಮೀರ್ ಸಾದಿಕ್‌ಗೆ ಮದ್ಯ ನಿಷೇಧದ ಆಜ್ಞೆ ಕಳಿಸಿದರು. ಮದ್ಯದಿಂದ ಖಜಾನೆಗೆ ಹಣ ಬರುತ್ತಿದ್ದುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಜನರ ಆರೋಗ್ಯ ಮತ್ತು ನಡತೆಯ ಮುಂದೆ ಈ ನಷ್ಟಕ್ಕೆ ಅಂಜಬೇಕಾಗಿಲ್ಲ ಎಂಬುದೇ ಆ ಆಜ್ಞೆಯ ಸಾರ. ಇಲ್ಲಿ ಖಲೀಫಾ ಹಝ್ರತ್ ಉಮರ್ ಬಿನ್ ಅಬ್ದುಲ್ ಅಝೀಝ್‌ರ ನೆನಪಾಗುತ್ತದೆ. 717ರಿಂದ 720ರವರೆಗೆ ಆಳಿದ ಅವರು ಹೊಸದಾಗಿ ಮುಸ್ಲಿಮರಾದವರಿಂದ ಜಿಝಿಯಾ ಪಡೆಯುವುದನ್ನು ನಿಲ್ಲಿಸಿದರು. ಬೈತುಲ್ ಮಾಲ್ ಬರಿದಾಗುತ್ತದೆಂದು ಅಧಿಕಾರಿಗಳು ದೂರಿದರೂ ಅವರು ಹಿಂಜರಿಯಲಿಲ್ಲ. ಪಡೆಯಬಾರದ ಹಣ ನಿಂತುಹೋದರೆ ಅದನ್ನು ನಷ್ಟವೆಂದು ಬರೆಯುವುದೇ ತಪ್ಪು.

ಈ ಲೆಕ್ಕ ಇಂದಿಗೂ ಮುಗಿದಿಲ್ಲ. 2007ರ ಜುಲೈ 1ರಂದು ಕರ್ನಾಟಕ ಸರಕಾರ ಸಾರಾಯಿಯನ್ನು ನಿಷೇಧಿಸಿತು. ಆದರೂ ಅಬಕಾರಿ ಆದಾಯ ಕುಸಿಯಲಿಲ್ಲ. ಕುಡಿಯುವವರು ಬೇರೆ ಮದ್ಯದ ಕಡೆ ಹೊರಳಿದರು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹಿಸುವ ಗುರಿಯಿತ್ತು. ಕುಡುಕನ ಹೆಂಡತಿ ಅಕ್ಕಿಗೆ ಮಾಡಿದ ಸಾಲ, ಶಾಲೆ ಬಿಟ್ಟ ಮಗ, ಆಸ್ಪತ್ರೆಯ ಖರ್ಚು, ಇವು ಆ ಲೆಕ್ಕದ ಎದುರು ಪುಟದಲ್ಲಿ ಬರೆಯಬೇಕಾದವು.

ಸುಲ್ತಾನರ ಕಡೆಯ ಲೆಕ್ಕವನ್ನು ಶತ್ರುಗಳು ಹಾಕಿದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಅರ್ಧ ರಾಜ್ಯ ಬಿಡಬೇಕು, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು. ಅರ್ಧವನ್ನು ಅಳೆದದ್ದು ಹರದಾರಿಯಿಂದಲ್ಲ, ಕಂದಾಯದಿಂದ. ರಾಜ್ಯದ ವರಮಾನ ಸುಮಾರು 2 ಕೋಟಿ 37 ಲಕ್ಷ ರೂಪಾಯಿಯೆಂದು ಹಿಡಿದು, ಅದರಲ್ಲಿ ಅರ್ಧ ಬರುವಷ್ಟು ಸೀಮೆಯನ್ನು ಮೂವರು ಹಂಚಿಕೊಂಡರು. ಮರಾಠರ ಗಡಿ ತುಂಗಭದ್ರೆಗೆ ಬಂದು ನಿಂತಿತು. ಹೀಗೆ ಹೊಳೆಯ ಉತ್ತರಕ್ಕಿರುವ ನಮ್ಮ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಅವರ ಪಾಲಿಗೆ ಹೋದವು. ಹಣ ತೀರುವವರೆಗೆ ಸುಲ್ತಾನರ ಇಬ್ಬರು ಪುತ್ರರು ಒತ್ತೆಯಾಳುಗಳಾಗಿದ್ದು 1794ರಲ್ಲಿ ಮರಳಿದರು. 1799ರ ಮೇ 4ರಂದು ಸುಲ್ತಾನರು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತ ಹುತಾತ್ಮರಾದರು.

ಪ್ರಿಯ ಓದುಗರೇ, ನಮಗೆ ರಾಜ್ಯವಿಲ್ಲ, ಆದರೆ ಪ್ರತಿಯೊಬ್ಬರಿಗೂ ಒಂದು ಗಲ್ಲಾ ಇದೆ. ಮೆಣಸಿನಕಾಯಿಗೆ ನೀರು ಚಿಮುಕಿಸಿ ತೂಕ ಹೆಚ್ಚಿಸುವುದನ್ನು ಬಿಟ್ಟ ವ್ಯಾಪಾರಿಗೆ ಆ ದಿನ ಚೀಲಕ್ಕೆ ಕೆಲವು ರೂಪಾಯಿ ಕಡಿಮೆ ಬರುತ್ತದೆ. ಕೂಲಿಯವಳಿಗೆ ಪೂರ್ತಿ ಕೂಲಿ ಕೊಟ್ಟವನ ಗಲ್ಲಾ ಸಂಜೆಗೆ ಸ್ವಲ್ಪ ಹಗುರಾಗುತ್ತದೆ. ಅದನ್ನು ನಷ್ಟದ ಕಡೆಗೆ ಬರೆಯುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಆ ಹಣ ನಮಗೆ ಹಲಾಲ್ ಆಗಿತ್ತೇ? ಅದನ್ನು ಬಿಟ್ಟದ್ದರಿಂದ ಯಾರ ಮನೆಯಲ್ಲಿ ಏನು ಉಳಿಯಿತು? ಅಲ್ಲಾಹನ ಮುಂದೆ ತೆರೆಯುವ ಲೆಕ್ಕದಲ್ಲಿ ಎರಡೂ ಪುಟಗಳಿರುತ್ತವೆ.